ಮೂರನೆಯ ಸಿಲಿಂಡರಿನ ಜಾಡು ಹಿಡಿದು

ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯದಿಂದ ಶಿರಾಡಿ ಘಾಟಿ ಏರುವ ರಸ್ತೆ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ನಿಜವಾದ ಪರೀಕ್ಷೆ. ತಗ್ಗಿನ ಕಾಡಿನಿಂದ ಹೊರಟು 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಸಕಲೇಶಪುರವನ್ನು ಮುಟ್ಟುವವರೆಗೆ ಎಂಜಿನ್ನಿಗೆ ಬಿಡುವಿಲ್ಲ. ಲಾರಿಗಳ ಹಿಂದೆ ನಿಧಾನವಾಗಿ ಸಾಗಿ, ಜಾಗ ಸಿಕ್ಕಾಗ ಆಕ್ಸಿಲರೇಟರ್ ಒತ್ತಿ ಮುಂದೆ ಹೋಗುವಾಗ, ಹೊರಹೋಗುವ ಅನಿಲದ ಬಲದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತನ್ನ ಪೂರ್ತಿ ಒತ್ತಡವನ್ನು ಕೊಡಬೇಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಊರಿನಿಂದ ಬೆಂಗಳೂರಿಗೆ ಮರಳುವಾಗ, ಅಂಥದೇ ಒಂದು ಓವರ್‌ಟೇಕಿನ ನಡುವೆ ನನ್ನ ಕಾರು ಮಿಸ್ ಹೊಡೆಯಲು, ಎಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಳ್ಳದೆ ತಪ್ಪಲು, ಶುರುಮಾಡಿತು. ಮೊದಲು ಸೀಟಿಗೆ ತಟ್ಟಿದ ಒಂದು ಜರ್ಕು, ಆಮೇಲೆ ಇಡೀ ಕಾರನ್ನು ಅಲುಗಿಸುವ ನಡುಕ, ಅದರ ಜೊತೆಗೇ ಎಂಜಿನ್ ಆಕಾರದ ಹಳದಿ ದೀಪ ಮಿನುಗತೊಡಗಿತು. ಬೆನ್ನಿಗೇ, ಕಾರು ಜಾರದಂತೆ ತಡೆಯುವ ವ್ಯವಸ್ಥೆಯದಾದ, ಜಾರುವ ಕಾರಿನ ಚಿತ್ರವಿರುವ ಇಎಸ್‌ಪಿ ದೀಪವೂ ಹೊತ್ತಿತು, ಕಾರು ನಿಂತಾಗ ಎಂಜಿನ್ನನ್ನು ತಾನಾಗಿ ಆರಿಸುವ ಸ್ಟಾರ್ಟ್-ಸ್ಟಾಪ್ ಲಭ್ಯವಿಲ್ಲವೆಂಬ ಸಂದೇಶವೂ ಬಂತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಂಜಿನ್ ದೀಪ ಸುಮ್ಮನೆ ಹೊತ್ತಿಕೊಂಡಿರುವುದಕ್ಕೂ ಮಿನುಗುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಸ್ಥಿರವಾಗಿ ಉರಿಯುವ ದೀಪವಿದ್ದರೆ, ಬೇರೆ ಲಕ್ಷಣಗಳಿಲ್ಲದಿದ್ದಾಗ, ನಿಧಾನವಾಗಿ ಮನೆ ತಲುಪಿ ನೋಡಬಹುದು. ಮಿನುಗುವ ದೀಪದ ಅರ್ಥವೇನೆಂದರೆ, ಉರಿಯದ ಪೆಟ್ರೋಲು ಸಿಲಿಂಡರಿನಿಂದ ಹಾಗೆಯೇ ಹೊರಬಿದ್ದು, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ, ಅದನ್ನು ಕೆಡಿಸುವಷ್ಟು ಕಾಯಿಸುತ್ತಿದೆ ಎಂದು. ಹಾಗಾಗಿ ತಕ್ಷಣ ಕಾಲು ಸಡಿಲಿಸಿದೆ, ಅಗಲವಾದ ಜಾಗ ಸಿಗುವವರೆಗೆ ಮೆಲ್ಲಗೆ ಏರಿ ಬದಿಗೆ ನಿಲ್ಲಿಸಿದೆ. ನಿಲ್ಲಿಸುವಾಗಲೂ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು, ಕಾದ ಕನ್ವರ್ಟರು ನೆಲಕ್ಕೆ ಹತ್ತಿರವೇ ಇರುತ್ತದೆ.

ನನ್ನದು ಒಂದೂವರೆ ಲೀಟರಿನ, ನಾಲ್ಕು ಸಿಲಿಂಡರುಗಳ ಎಂಜಿನ್. ಪೆಟ್ರೋಲು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಣೆಯಾಗುತ್ತದೆ. ಓಡಿದ್ದು 56 ಸಾವಿರ ಕಿಲೋಮೀಟರ್. ಕೈಪಿಡಿಯ ಪ್ರಕಾರ, ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಿಸಬೇಕಾದದ್ದು 60 ಸಾವಿರಕ್ಕೆ. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲೂ ಮಾಡಿದಾಗ ನಡುಕ ಹೋಗಿತ್ತು, ಎಂಜಿನ್ ದೀಪ ಮಾತ್ರ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ ಉರಿಯುತ್ತಿತ್ತು. ಟರ್ಬೊ ಹೆಚ್ಚು ಕೆಲಸ ಮಾಡದಂತೆ, ಕೆಳಗಿನ ಗೇರಿನಲ್ಲಿ ಹಗುರವಾಗಿ ಓಡಿಸಿಕೊಂಡು ಮಾರನಹಳ್ಳಿ, ದೋಣಿಗಾಲ್ ದಾಟಿ ಘಾಟಿ ಮುಗಿಸಿದೆ.

ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿದರು. ಕಾರು ದಾಖಲಿಸಿಕೊಂಡಿದ್ದ ದೋಷದ ಕೋಡುಗಳು ಮೂರು: ಪಿ0300, ಎಂದರೆ ನಿರ್ದಿಷ್ಟವಾಗಿ ಯಾವ ಸಿಲಿಂಡರೆಂದು ಹೇಳದ ಮಿಸ್‌ಫೈರ್, ಪಿ0303, ಎಂದರೆ ಮೂರನೆಯ ಸಿಲಿಂಡರಿನ ಮಿಸ್‌ಫೈರ್, ಮತ್ತು ಪಿ0299, ಎಂದರೆ ಟರ್ಬೊ ಒತ್ತಡ ಬೇಕಾದುದಕ್ಕಿಂತ ಕಡಿಮೆ. ಮೂರನೆಯ ಕೋಡನ್ನು ಕಂಡೊಡನೆ ಅಲ್ಲಿನವರು ಟರ್ಬೊ ಹೋಗಿದೆ, ಬದಲಿಸಬೇಕು ಎಂದು ಲಕ್ಷ ದಾಟುವ ಅಂದಾಜು ಕೊಟ್ಟರು. ತತ್ಕಾಲಕ್ಕೆ ಕೋಡುಗಳನ್ನು ಅಳಿಸಿಕೊಡುತ್ತೇವೆ, ದೀಪ ಆರುತ್ತದೆ, ಊರು ಸೇರಿಕೊಳ್ಳಿ ಎಂದರು. ಅಳಿಸಬೇಡಿ ಎಂದು ಕೇಳಿಕೊಂಡು, ಪರದೆಯ ಮೇಲಿದ್ದುದನ್ನೆಲ್ಲ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೊರಟೆ. ಕಾರಿನ ಮಾಲೀಕರೆಲ್ಲರೂ ಇದೊಂದನ್ನು ರೂಢಿ ಮಾಡಿಕೊಳ್ಳಬೇಕೆಂದು ನನ್ನ ಆಗ್ರಹ. ಕೋಡನ್ನು ಅಳಿಸಿದಾಗ ಅದರೊಂದಿಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಅಳಿಯುತ್ತದೆ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಕಾದಿತ್ತು, ಎಷ್ಟು ಹೊರೆ ಹೊತ್ತಿತ್ತು, ಕಾರಿನ ವೇಗವೆಷ್ಟು ಎಂಬುದೆಲ್ಲ ಇರುವುದು ಆ ದಾಖಲೆಯಲ್ಲಿಯೇ. ದೀಪ ಆರಿಸಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ, ಆದರೆ ರೋಗಿಯ ಬಗ್ಗೆ ಗೊತ್ತಿದ್ದ ಸಂಗತಿಗಳೆಲ್ಲ ಹೋಗಿಬಿಡುತ್ತವೆ.

ಮನೆಗೆ ಬಂದ ಮೇಲೆ ಸ್ಟೀರಿಂಗಿನ ಕೆಳಗಿರುವ 16 ಪಿನ್ನುಗಳ ಓಬಿಡಿ (ಕಾರು ತನ್ನ ದೋಷಗಳನ್ನು ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆ) ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ಫ್ರೀಜ್ ಫ್ರೇಮ್ ಓದಿದೆ. ಎಂಜಿನ್ ವೇಗ 2400 ಆರ್‌ಪಿಎಂ. ಹೊರೆ ಪೂರ್ಣಕ್ಕೆ ಹತ್ತಿರ. ಕೂಲೆಂಟ್ ತಾಪ 94 ಡಿಗ್ರಿ. ಇಂಧನದ ದೀರ್ಘಾವಧಿ ತಿದ್ದುಪಡಿ, ಎಂದರೆ ಎಂಜಿನ್ನಿನ ಕಂಪ್ಯೂಟರು ಮೂಲ ಲೆಕ್ಕದ ಇಂಧನಕ್ಕೆ ಕಾಲಕ್ರಮದಲ್ಲಿ ಮಾಡಿಕೊಂಡ ಹೊಂದಾಣಿಕೆ, ಶೇಕಡ 5ರಷ್ಟು ಹೆಚ್ಚುವರಿ. ಈ ನಾಲ್ಕು ಅಂಕಿಗಳೇ ಮುಂದಿನ ದಾರಿಯ ಬಹುಭಾಗವನ್ನು ತೋರಿಸಿದವು. ಬೆಳಗಿನ ತಣ್ಣನೆಯ ಚಾಲನೆಯಲ್ಲಿ, ಐಡ್ಲಿಂಗಿನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಮಿಸ್ ಹೊಡೆದಿದ್ದರೆ ನಾನು ಬೇರೆ ಕಡೆ ನೋಡಬೇಕಾಗುತ್ತಿತ್ತು: ನೇರ ಸಿಂಪಡಣೆಯ ಎಂಜಿನ್ನುಗಳಲ್ಲಿ ಪೆಟ್ರೋಲು, ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವುಗಳ ಬೆನ್ನನ್ನು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲ ಕಟ್ಟಿಕೊಂಡು ತಣ್ಣಗಿರುವಾಗ ತೊಂದರೆ ಕೊಡುತ್ತದೆ, ಇನ್‌ಟೇಕಿನಲ್ಲಿ ಎಲ್ಲಾದರೂ ಬಿರುಕಿದ್ದು ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತಿದ್ದರೂ ಅದು ಮೊದಲು ಕಾಣುವುದು ಐಡ್ಲಿಂಗಿನಲ್ಲಿಯೇ. ಚೆನ್ನಾಗಿ ಕಾದ ಎಂಜಿನ್, ಪೂರ್ತಿ ಹೊರೆಯಲ್ಲಿ, ಒಂದೇ ಸಿಲಿಂಡರಿನಲ್ಲಿ ಮಿಸ್ ಹೊಡೆಯುತ್ತದೆಂದರೆ ಮೊದಲ ಅನುಮಾನ ಕಿಡಿಯ ಮೇಲೆ.

ಅದೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟರ್ಬೊ ಕಾರಿಗೂ ಸಾಮಾನ್ಯ ಕಾರಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು ಆ ತುದಿಗಳ ಅಂತರ ಮತ್ತು ನಡುವಿನ ಅನಿಲದ ಒತ್ತಡ ಇವೆರಡರ ಗುಣಲಬ್ಧವನ್ನು ಅವಲಂಬಿಸುತ್ತದೆ ಎಂದು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ತೋರಿಸಿಕೊಟ್ಟರು. ಟರ್ಬೊ ಹೆಚ್ಚು ಗಾಳಿಯನ್ನು ತುಂಬಿದಂತೆಲ್ಲ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ. ಈ ಕಾರಣಕ್ಕಾಗಿಯೇ ಟರ್ಬೊ ಎಂಜಿನ್ನಿನ ಪ್ಲಗ್ಗುಗಳ ಗ್ಯಾಪು ಸಾಮಾನ್ಯ ಎಂಜಿನ್ನಿನವಕ್ಕಿಂತ ಕಿರಿದು. ನನ್ನ ಕಾರಿನದು 0.7 ಮಿಲಿಮೀಟರ್. ಓಡಿದಂತೆಲ್ಲ ತುದಿ ಸವೆದು ಗ್ಯಾಪು ಹಿಗ್ಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಓಡಿಸುವಾಗ ಸವೆದ ಪ್ಲಗ್ಗೂ ದೂರಿಲ್ಲದೆ ಕೆಲಸ ಮಾಡುತ್ತದೆ. ಘಾಟಿಯಲ್ಲಿ ಟರ್ಬೊ ತುಂಬಿಕೊಂಡಾಗ ಮಾತ್ರ ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜು ಒದಗಿಸುವ ಕಾಯಿಲ್ ಕೊಡಬಲ್ಲುದಕ್ಕಿಂತ ಬೇಡಿಕೆ ಹೆಚ್ಚಾಗಿ ಕಿಡಿ ಸೋಲುತ್ತದೆ, ಇಲ್ಲವೇ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಈ ಬೇರೆ ದಾರಿಯ ಸಂಗತಿ ಮುಂದೆ ಬರುತ್ತದೆ.

ಮಿಸ್ ಹೊಡೆದದ್ದು ಮೂರನೆಯ ಸಿಲಿಂಡರೇ ಎಂದು ಇಸಿಯು, ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು, ಹೇಗೆ ತಿಳಿಯುತ್ತದೆ ಎಂಬುದೂ ತಿಳಿದಿರಬೇಕಾದ ವಿಷಯ. ಸಿಲಿಂಡರಿನೊಳಗೆ ಯಾವ ಕಣ್ಣೂ ಇಲ್ಲ. ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಹಲ್ಲುಚಕ್ರದಲ್ಲಿ, ಬಹುತೇಕ ಕಾರುಗಳಲ್ಲಿ, 60 ಹಲ್ಲುಗಳ ಜಾಗವಿದ್ದು ಎರಡು ಹಲ್ಲುಗಳನ್ನು ಗುರುತಿಗಾಗಿ ಬಿಟ್ಟಿರುತ್ತಾರೆ. ಒಂದೊಂದು ಹಲ್ಲಿಗೆ ಆರು ಡಿಗ್ರಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಉರಿದು ಶಾಫ್ಟನ್ನು ತಳ್ಳುತ್ತದೆ. 2400 ಆರ್‌ಪಿಎಂನಲ್ಲಿ ಆ ಅರ್ಧ ಸುತ್ತಿಗೆ ಹಿಡಿಯುವ ಸಮಯ ಹನ್ನೆರಡೂವರೆ ಮಿಲಿಸೆಕೆಂಡ್. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಒಳಗೆ ಕುಳಿತವರಿಗೆ ಯಾವ ಮೂಲೆ ತಗ್ಗಿತೆಂದು ತಿಳಿಯುವಂತೆ, ಯಾವ ಸಿಲಿಂಡರಿನ ಸರದಿಯಲ್ಲಿ ಶಾಫ್ಟಿನ ವೇಗ ಕೊಂಚ ಕುಗ್ಗಿತೆಂಬುದನ್ನು ಇಸಿಯು ಅಳೆಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವ ಮಟ್ಟದ ಮಿಸ್‌ಫೈರನ್ನು 200 ಸುತ್ತುಗಳ ಲೆಕ್ಕದಲ್ಲಿಯೂ, ಹೊಗೆಯ ಮಿತಿ ಮೀರಿಸುವಂಥದ್ದನ್ನು 1000 ಸುತ್ತುಗಳ ಲೆಕ್ಕದಲ್ಲಿಯೂ ಎಣಿಸುವುದು ಓಬಿಡಿಯ ರೂಢಿ. ಮೊದಲನೆಯದು ಕಂಡರೆ ದೀಪ ಮಿನುಗುತ್ತದೆ, ಆ ಸಿಲಿಂಡರಿಗೆ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರನ್ನೇ ಇಸಿಯು ನಿಲ್ಲಿಸುವುದೂ ಉಂಟು. ಗುಂಡಿಬಿದ್ದ ರಸ್ತೆಯ ಕುಲುಕಾಟವೂ ಶಾಫ್ಟಿನ ವೇಗವನ್ನು ಏರುಪೇರು ಮಾಡುವುದರಿಂದ, ಚಕ್ರಗಳ ವೇಗದ ಸೆನ್ಸರುಗಳನ್ನು ನೋಡಿ ಅಂಥ ರಸ್ತೆಯಲ್ಲಿ ಎಣಿಕೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ವ್ಯವಸ್ಥೆಯೂ ಹಲವು ಕಾರುಗಳಲ್ಲಿದೆ.

ಇಎಸ್‌ಪಿ ದೀಪದ ಗುಟ್ಟೂ ಇದರಲ್ಲಿಯೇ ಅಡಗಿದೆ. ಚಕ್ರ ಜಾರಿದಾಗ ಎಂಜಿನ್ನಿನ ಟಾರ್ಕನ್ನು (ತಿರುಗಿಸುವ ಬಲವನ್ನು) ಇಷ್ಟು ಇಳಿಸು ಎಂದು ಇಎಸ್‌ಪಿ ಕೇಳುತ್ತದೆ. ಮಿಸ್ ಹೊಡೆಯುವ ಎಂಜಿನ್ ತಾನು ಎಷ್ಟು ಟಾರ್ಕ್ ಕೊಡುತ್ತಿದ್ದೇನೆಂದು ಖಚಿತವಾಗಿ ಹೇಳಲಾರದು. ಆದ್ದರಿಂದ ಇಎಸ್‌ಪಿ ತಾನಾಗಿ ಹಿಂದೆ ಸರಿದು ದೀಪ ಹೊತ್ತಿಸುತ್ತದೆ, ಕ್ರೂಸ್ ಕಂಟ್ರೋಲೂ ಸ್ಟಾರ್ಟ್-ಸ್ಟಾಪೂ ನಿಲ್ಲುತ್ತವೆ. ಬ್ರೇಕು, ಚಕ್ರಗಳ ಸೆನ್ಸರು ಎಂದು ಆ ದೀಪದ ಬೆನ್ನು ಹತ್ತುವ ಅಗತ್ಯವಿರಲಿಲ್ಲ.

ಉಳಿದದ್ದು ಪಿ0299. ಒಂದು ಸಿಲಿಂಡರ್ ಸೋತಾಗ ಟರ್ಬೈನಿಗೆ ಸಿಗುವ ಅನಿಲದ ಬಲವೂ ಕುಗ್ಗುತ್ತದೆ, ಇಸಿಯು ಕೂಡ ರಕ್ಷಣೆಗಾಗಿ ಒತ್ತಡವನ್ನು ಇಳಿಸುತ್ತದೆ. ಆದುದರಿಂದ ಇದೂ ಮಿಸ್‌ಫೈರಿನ ನೆರಳಾಗಿರಬಹುದು ಎಂಬುದು ಮೊದಲ ಎಣಿಕೆ. ಆದರೆ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರ ಬಳಿ ಈ ಕಾರಿಗೆಂದೇ ಇರುವ ಸ್ಕ್ಯಾನರಿತ್ತು, ಅದು ಪ್ರತಿ ಕೋಡಿನ ಜೊತೆಗೆ ಓಡೋಮೀಟರಿನ ಅಂಕಿಯನ್ನೂ ತೋರಿಸುತ್ತಿತ್ತು. ಅದರ ಪ್ರಕಾರ ಪಿ0299 ಮೊದಲು ದಾಖಲಾದದ್ದು ಘಾಟಿಯ ಘಟನೆಗಿಂತ ನೂರಾರು ಕಿಲೋಮೀಟರ್ ಹಿಂದೆ, ದೀಪ ಹೊತ್ತಿಸದ ಪೆಂಡಿಂಗ್ ಸ್ಥಿತಿಯಲ್ಲಿ. ಮಿಸ್‌ಫೈರಿಗಿಂತ ಮೊದಲೇ ಬಂದದ್ದು ಮಿಸ್‌ಫೈರಿನ ಪರಿಣಾಮವಾಗಿರಲಾರದು. ಕೋಡುಗಳನ್ನು ದಾರಿಯಲ್ಲಿಯೇ ಅಳಿಸಿದ್ದರೆ ಈ ಅಂಕಿ ನಮಗೆ ಸಿಗುತ್ತಲೇ ಇರಲಿಲ್ಲ, ಎರಡು ಬೇರೆ ಬೇರೆ ದೋಷಗಳನ್ನು ಒಂದೆಂದು ಭಾವಿಸಿ ಬಹಳ ಅಲೆಯಬೇಕಾಗುತ್ತಿತ್ತು. ಮೊದಲು ಮಿಸ್‌ಫೈರನ್ನು ಮುಗಿಸುವುದು, ಆಮೇಲೆ ಒತ್ತಡದ ಕೊರತೆಯನ್ನು ನೋಡುವುದು ಎಂದು ಇಬ್ಬರೂ ನಿಶ್ಚಯಿಸಿದೆವು.

ಅಷ್ಟರಲ್ಲಿ ಪೆಟ್ರೋಲಿನದೇ ದೋಷವಿರಬಹುದು ಎಂಬ ಮಾತೂ ಬಂದಿತ್ತು. ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದ ಮೇಲೆ, ಕಾರಿಗೆ ಏನಾದರೂ ಅದನ್ನೇ ದೂರುವುದು ಎಲ್ಲೆಡೆ ಕೇಳಿಬರುತ್ತದೆ. ದೂರುವ ಮುಂಚೆ ಅಂಕಿ ನೋಡಬೇಕು. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಭಾಗ ಸಾಕು. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಅದನ್ನು ಇಸಿಯು ದೀರ್ಘಾವಧಿ ತಿದ್ದುಪಡಿಯಲ್ಲಿ ಸೇರಿಸಿಕೊಳ್ಳುತ್ತದೆ. ನನ್ನ ಕಾರಿನ ಶೇಕಡ 5 ಎಂಬ ಅಂಕಿ ಇದರೊಳಗೆ ಸಹಜವಾಗಿಯೇ ಕೂರುತ್ತದೆ. ಮಿಗಿಲಾಗಿ, ಟ್ಯಾಂಕಿನ ಪೆಟ್ರೋಲು ಕೆಟ್ಟಿದ್ದರೆ ನಾಲ್ಕೂ ಸಿಲಿಂಡರುಗಳು ನರಳಬೇಕು, ಮೂರನೆಯದೊಂದೇ ಏಕೆ ನರಳುತ್ತದೆ?

ಹಳೆಯ ಗ್ಯಾರೇಜುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವೈರನ್ನು ಕಿತ್ತು ಯಾವ ಸಿಲಿಂಡರು ಸತ್ತಿದೆಯೆಂದು ನೋಡುತ್ತಿದ್ದರು. ಪ್ರತಿ ಪ್ಲಗ್ಗಿನ ಮೇಲೆಯೇ ಕಾಯಿಲ್ ಕೂರುವ ಇಂದಿನ ಎಂಜಿನ್ನುಗಳಲ್ಲಿ ಹಾಗೆ ಮಾಡಲೇಬಾರದು. ಹತ್ತಾರು ಸಾವಿರ ವೋಲ್ಟಿನ ಅಪಾಯ ಒಂದು ಕಡೆ, ಇಸಿಯು ಕೆಡುವ ಭಯ ಇನ್ನೊಂದು ಕಡೆ. ಈಗಿನ ಸರಿಯಾದ ವಿಧಾನವೆಂದರೆ ಅದಲುಬದಲು. ಎಂಜಿನ್ ತಣ್ಣಗಾದ ಮೇಲೆ ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ, ಒಂದನೆಯದನ್ನು ಮೂರನೆಯದಕ್ಕೂ ಹಾಕಿದೆವು. ಪ್ಲಗ್ಗುಗಳನ್ನು ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಉತ್ತರಕ್ಕೆ ಅರ್ಥವಿರುತ್ತದೆ. ದೋಷ ಕಾಯಿಲಿನದಾದರೆ ಕೋಡು ಪಿ0301 ಆಗಬೇಕು, ಅಲ್ಲದಿದ್ದರೆ ಪಿ0303 ಆಗಿಯೇ ಉಳಿಯಬೇಕು.

ಕೋಡು ಬರುವವರೆಗೆ ಕಾಯುವ ಬದಲು ಮೋಡ್ 6 ಎಂಬ ಪುಟವನ್ನು ನೋಡಿದೆವು. ಫೋನಿನ ಆ್ಯಪುಗಳಲ್ಲಿ ಬಹಳ ಮಂದಿ ತೆರೆಯದ, ಆದರೆ ಮಿಸ್‌ಫೈರ್ ಹುಡುಕುವವರಿಗೆ ಅತ್ಯಂತ ಬೆಲೆಬಾಳುವ ಪುಟವದು. ಈಗಿನ ಓಟದಲ್ಲಿ ಪ್ರತಿ ಸಿಲಿಂಡರು ಎಷ್ಟು ಸಲ ತಪ್ಪಿತು, ಹಿಂದಿನ ಹತ್ತು ಓಟಗಳ ಸರಾಸರಿಯೆಷ್ಟು ಎಂಬ ಎಣಿಕೆ ದೀಪ ಹೊತ್ತುವ ಮೊದಲೇ ಅಲ್ಲಿ ಕಾಣುತ್ತದೆ. ಒಂದು ಉದ್ದನೆಯ ಮೇಲ್ಸೇತುವೆಯ ಏರಿನಲ್ಲಿ, ಬೆಳಗಿನ ಖಾಲಿ ರಸ್ತೆಯಲ್ಲಿ, ಮೂರನೆಯ ಗೇರಿನಲ್ಲಿ ಕೆಲವೇ ಸೆಕೆಂಡು ಹೊರೆ ಕೊಟ್ಟು ಕಾಲು ತೆಗೆದೆವು. ಬಂದ ಉತ್ತರ ನಾವು ನಿರೀಕ್ಷಿಸಿದ ಎರಡರಲ್ಲಿ ಯಾವುದೂ ಆಗಿರಲಿಲ್ಲ. ಮೂರನೆಯ ಸಿಲಿಂಡರಿನ ಎಣಿಕೆ ಕಡಿಮೆಯಾಗಿತ್ತು, ಸೊನ್ನೆಯಾಗಿರಲಿಲ್ಲ. ಅದುವರೆಗೆ ಶುದ್ಧವಾಗಿದ್ದ ಒಂದನೆಯ ಸಿಲಿಂಡರು ಕೂಡ ತಪ್ಪತೊಡಗಿತ್ತು.

ಕಾಯಿಲೂ ಕೆಟ್ಟಿದೆ, ಮೂರನೆಯ ಸಿಲಿಂಡರಿನಲ್ಲಿ ಉಳಿದಿರುವ ಇನ್ನೇನೋ ಕೂಡ ಕೆಟ್ಟಿದೆ ಎಂಬುದಷ್ಟೇ ಇದರ ಅರ್ಥ. ಎರಡು ಬಿಡಿಭಾಗಗಳು ಒಟ್ಟಿಗೆ, ಒಂದೇ ಜಾಗದಲ್ಲಿ ಕೆಡಬೇಕಾದರೆ ಅವುಗಳ ನಡುವೆ ಸಂಬಂಧವಿರಲೇಬೇಕು. ಪ್ಲಗ್ಗುಗಳನ್ನು ಬಿಚ್ಚಿದಾಗ ಅದು ಕಣ್ಣಿಗೇ ಕಂಡಿತು. ಮೂರನೆಯ ಪ್ಲಗ್ಗಿನ ಬಿಳಿಯ ಪಿಂಗಾಣಿಯ ಹೊರಮೈಯಲ್ಲಿ, ಮೇಲಿನ ತುದಿಯಿಂದ ಲೋಹದ ಷಟ್ಕೋನದವರೆಗೆ, ಪೆನ್ಸಿಲಿನಲ್ಲಿ ಎಳೆದಂಥ ತೆಳುವಾದ ಕಪ್ಪು ಗೆರೆಯಿತ್ತು. ಆ ಪ್ಲಗ್ಗಿನ ಮೇಲೆ ಕೂರುತ್ತಿದ್ದ ಕಾಯಿಲಿನ ರಬ್ಬರ್ ಬೂಟಿನೊಳಗೆ ಟಾರ್ಚು ಹಾಕಿ ನೋಡಿದರೆ ಅದಕ್ಕೆ ಸರಿಹೊಂದುವ ಇನ್ನೊಂದು ಗೆರೆ. ಸವೆದ ಗ್ಯಾಪನ್ನು ದಾಟಲಾರದ ವಿದ್ಯುತ್ತು ಸಿಲಿಂಡರಿನೊಳಗೆ ಹಾರುವ ಬದಲು ಪಿಂಗಾಣಿಯ ಹೊರಮೈ ಮೇಲೆ ಹರಿದು ಎಂಜಿನ್ನಿನ ಲೋಹವನ್ನು ಸೇರುತ್ತಿತ್ತು. ಒಮ್ಮೆ ಹಾಗೆ ಹರಿದರೆ ಇಂಗಾಲದ ಜಾಡು ಉಳಿಯುತ್ತದೆ, ಮುಂದಿನ ಸಲ ಹರಿಯಲು ಅದೇ ಸುಲಭದ ದಾರಿಯಾಗುತ್ತದೆ. ಬೂಟಿನಲ್ಲಿದ್ದ ಜಾಡು ಕಾಯಿಲಿನ ಜೊತೆ ಒಂದನೆಯ ಸಿಲಿಂಡರಿಗೆ ಹೋಯಿತು, ಪ್ಲಗ್ಗಿನ ಮೇಲಿದ್ದ ಜಾಡು ಮೂರರಲ್ಲಿಯೇ ಉಳಿಯಿತು. ಆ ಗೊಂದಲದ ಎಣಿಕೆಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿರಲಿಲ್ಲ. ಮೂರನೆಯ ಪ್ಲಗ್ಗಿನ ಗುಂಡಿಯ ತಳದಲ್ಲಿ ಸ್ವಲ್ಪ ತುಕ್ಕಿನ ಗುರುತೂ ಇತ್ತು. ಮಳೆಗಾಲದಲ್ಲಿ ಅಲ್ಲಿ ತೇವ ಸೇರಿದ್ದು ಹರಿಯುವ ವಿದ್ಯುತ್ತಿಗೆ ನೆರವಾಗಿರಬೇಕು.

ಈ ಗೆರೆಯನ್ನು ಇನ್ನೊಂದು ಗುರುತಿನೊಂದಿಗೆ ಬೆರೆಸಿಕೊಳ್ಳಬಾರದು. ಬಳಸಿದ ಪ್ಲಗ್ಗುಗಳಲ್ಲಿ ಪಿಂಗಾಣಿಯು ಲೋಹವನ್ನು ಸೇರುವ ಜಾಗದಲ್ಲಿ ಸುತ್ತಲೂ ಕಂದು ಬಣ್ಣದ ಕಲೆ ಕಾಣುವುದುಂಟು. ವಿದ್ಯುತ್ ಕ್ಷೇತ್ರಕ್ಕೆ ಎಣ್ಣೆಯ ಕಣಗಳು ಅಂಟಿಕೊಂಡು ಆದ ಆ ಕಲೆಯಿಂದ ತೊಂದರೆಯಿಲ್ಲ, ಉಳಿದ ಮೂರು ಪ್ಲಗ್ಗುಗಳಲ್ಲಿಯೂ ಅದಿತ್ತು. ಉದ್ದಕ್ಕೆ ಇಳಿಯುವ ಕಪ್ಪು ಗೆರೆ ಮಾತ್ರ ಅಪಾಯದ್ದು. ಗ್ಯಾಪನ್ನು ತಂತಿಯ ಗೇಜಿನಿಂದ ಅಳೆದಾಗ ನಾಲ್ಕೂ 0.9 ಮಿಲಿಮೀಟರನ್ನು ದಾಟಿದ್ದವು. ಮೂರನೆಯದು ಮೊದಲು ಸೋತಿತು, ಉಳಿದವು ಸೋಲುವ ಸರದಿಯಲ್ಲಿದ್ದವು.

ನಾಲ್ಕೂ ಪ್ಲಗ್ಗುಗಳನ್ನು ಹೊಸದಾಗಿ ಹಾಕಿದೆವು, ಜಾಡು ಬಿದ್ದಿದ್ದ ಕಾಯಿಲನ್ನೂ ಬದಲಿಸಿದೆವು. ಪ್ಲಗ್ಗು ಮಾತ್ರ ಬದಲಿಸಿ ಹಳೆಯ ಬೂಟನ್ನೇ ಕೂರಿಸುವುದು ಹಲವೆಡೆ ನಡೆಯುತ್ತದೆ. ಆಗ ಹೊಸ ಪಿಂಗಾಣಿಯ ಮೇಲೆಯೂ ಕೆಲವೇ ದಿನಗಳಲ್ಲಿ ಗೆರೆ ಮೂಡಿ, ಹೊಸ ಪ್ಲಗ್ಗು ಹಾಕಿದರೂ ಮಿಸ್ಸಿಂಗ್ ಹೋಗಲಿಲ್ಲ ಎಂಬ ದೂರು ಬರುತ್ತದೆ. ಕಾಯಿಲು ಮತ್ತು ಬೂಟು ಬೇರೆ ಬೇರೆಯಾಗಿ ಸಿಗುವ ಕಾರುಗಳಲ್ಲಿ ಬೂಟನ್ನಷ್ಟೇ ಬದಲಿಸಿದರೂ ಸಾಕು, ನನ್ನ ಕಾರಿನಲ್ಲಿ ಅವು ಒಂದೇ ತುಂಡು. ಪ್ಲಗ್ಗು ಕೂರುವ ಅಲ್ಯುಮಿನಿಯಂ ಹೆಡ್ಡಿನ ತಿರುಪಿನ ಮರೆ (ಥ್ರೆಡ್) ಹಾಳಾಗದಂತೆ ಎಂಜಿನ್ ತಣ್ಣಗಿರುವಾಗಲೇ, ಕೈಯಿಂದ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದ ಬಿಗಿತ ಕೊಟ್ಟೆವು. ಕೈ ಅಂದಾಜಿನ ಮೇಲೆ ಬಿಗಿಯುವುದನ್ನು ನಾನು ಒಪ್ಪುವುದಿಲ್ಲ: ಸಡಿಲವಾದ ಪ್ಲಗ್ಗು ತನ್ನ ಶಾಖವನ್ನು ಹೆಡ್ಡಿಗೆ ದಾಟಿಸಲಾರದೆ ಅತಿಯಾಗಿ ಕಾಯುತ್ತದೆ, ಅತಿ ಬಿಗಿದದ್ದು ಮರೆಯನ್ನೇ ಕಿತ್ತುಕೊಂಡು ಬರುತ್ತದೆ.

ಇದಾದ ಮೇಲೆಯೇ, ಎಲ್ಲ ದಾಖಲೆ ಬರೆದಿಟ್ಟುಕೊಂಡು, ಕೋಡುಗಳನ್ನು ಅಳಿಸಿದೆವು. ಅದೇ ಮೇಲ್ಸೇತುವೆಯಲ್ಲಿ ಅದೇ ಗೇರಿನಲ್ಲಿ ಹೊರೆ ಕೊಟ್ಟಾಗ ನಾಲ್ಕೂ ಸಿಲಿಂಡರುಗಳ ಎಣಿಕೆ ಸೊನ್ನೆ. ಇಎಸ್‌ಪಿ ದೀಪ ಮತ್ತೆ ಕಾಣಲಿಲ್ಲ, ಅದಕ್ಕಾಗಿ ಏನನ್ನೂ ಮಾಡಬೇಕಾಗಲಿಲ್ಲ. ಪಿ0299 ಮಾತ್ರ ನಿರೀಕ್ಷೆಯಂತೆಯೇ ಪೆಂಡಿಂಗ್ ಪಟ್ಟಿಗೆ ಮರಳಿ ಬಂತು.

ಒತ್ತಡದ ಅಂಕಿಗಳನ್ನು ಓದುವ ಮೊದಲು ಸೆನ್ಸರು ಸತ್ಯ ಹೇಳುತ್ತಿದೆಯೇ ಎಂದು ನೋಡಬೇಕು. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿದಾಗ ಇನ್‌ಟೇಕಿನ ಒತ್ತಡವೂ ಹೊರಗಿನ ವಾತಾವರಣದ ಒತ್ತಡವೂ ಒಂದೇ ಆಗಿರಬೇಕು. ಸಮುದ್ರಮಟ್ಟದ ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. ನನ್ನ ಕಾರಿನಲ್ಲಿ 91 ತೋರಿಸಿತು, ಸೆನ್ಸರಿನ ಮೇಲೆ ನಂಬಿಕೆ ಬಂತು. ಇಲ್ಲಿ 101 ಇಲ್ಲವೆಂದು ಸೆನ್ಸರನ್ನು ದೂರುವವರಿದ್ದಾರೆ, ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಪ್ಪು ಅದು. ಓಟದಲ್ಲಿ ಇಸಿಯು 185 ಕೇಳಿದಾಗ ಸಿಗುತ್ತಿದ್ದುದು 150ರ ಆಸುಪಾಸು. ಅನಿಲ ಟರ್ಬೈನನ್ನು ತಪ್ಪಿಸಿ ಹೋಗಲು ಬಿಡುವ ಬಾಗಿಲಾದ ವೇಸ್ಟ್‌ಗೇಟು ಪೂರ್ತಿ ಮುಚ್ಚುವ ಸ್ಥಿತಿಗೆ ಬಂದಿತ್ತು, ಎಂದರೆ ಟರ್ಬೊ ತನ್ನ ಕೈಲಾದಷ್ಟು ದುಡಿಯುತ್ತಿತ್ತು.

ಟರ್ಬೊ ಬದಲಿಸುವ ಮಾತನ್ನು ಮೊದಲು ತೀರ್ಮಾನಿಸಿಕೊಂಡೆವು. ಗಾಳಿ ಒಳಹೋಗುವ ಹೋಸನ್ನು ಬಿಚ್ಚಿ, ತಣ್ಣಗಿರುವ ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದೆವು. ಸರಾಗವಾಗಿ ತಿರುಗಿತು, ಅಲಗುಗಳ ತುದಿ ಎಲ್ಲಿಯೂ ಗೋಡೆಗೆ ಉಜ್ಜಿರಲಿಲ್ಲ. ಅಕ್ಕಪಕ್ಕಕ್ಕೆ ಕೊಂಚ ಅಲುಗಾಟವಿತ್ತು. ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗಿನಲ್ಲಿ ಅದು ಸಹಜ. ಹಿಂದೆ ಮುಂದೆ ಅಲುಗಾಡಿದರೆ ಚಿಂತಿಸಬೇಕು, ಅದಿರಲಿಲ್ಲ. ಹಾಗಾದರೆ ಟರ್ಬೊ ತುಂಬಿದ ಗಾಳಿ ದಾರಿಯಲ್ಲಿ ಎಲ್ಲೋ ಸೋರುತ್ತಿರಬೇಕು. ಈ ಎಂಜಿನ್ನಿನಲ್ಲಿ ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಸೆನ್ಸರಿಲ್ಲ. ಇನ್‌ಟೇಕಿನ ಒತ್ತಡ ಮತ್ತು ತಾಪದಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಹೊರಗೆ ಸೋರಿದ ಗಾಳಿಗೆ ಇಂಧನ ಸುರಿಯುವುದಿಲ್ಲ, ಇಂಧನದ ತಿದ್ದುಪಡಿಯಲ್ಲಿ ಸೋರಿಕೆಯ ಸುಳಿವೂ ಸಿಗುವುದಿಲ್ಲ. ಹರಿವನ್ನು ಅಳೆಯುವ ಸೆನ್ಸರಿರುವ ಕಾರುಗಳಲ್ಲಿ ಇದೇ ಸೋರಿಕೆ ಕಪ್ಪು ಹೊಗೆಯಾಗಿ ಕಾಣಿಸಿಕೊಳ್ಳುತ್ತದೆ.

ಸ್ಮೋಕ್ ಮೆಷಿನ್ ತಂದು ಇನ್‌ಟೇಕಿಗೆ ಹೊಗೆ ತುಂಬಿದೆವು. ಎಲ್ಲಿಂದಲೂ ಹೊಗೆ ಬರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಸೋರಿಕೆಯಿಲ್ಲವೆಂದು ಬರೆದುಕೊಂಡು ಟರ್ಬೊ ಬದಲಿಸುವ ಮಾತಿಗೆ ಮರಳಬೇಕಾಗುತ್ತಿತ್ತು. ಆದರೆ ಸ್ಮೋಕ್ ಮೆಷಿನ್ ಕೊಡುವ ಒತ್ತಡ ಬಹಳ ಕಡಿಮೆ. ಹೊರೆಯಲ್ಲಿ ಮಾತ್ರ ಬಾಯಿ ಬಿಡುವ ಸೋರಿಕೆ ಅದಕ್ಕೆ ಸಿಗುವುದಿಲ್ಲ. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಒಂದು ಮುಚ್ಚಳ ಹೊಂದಿಸಿ, ರೆಗ್ಯುಲೇಟರಿನ ಮೂಲಕ ಎಚ್ಚರಿಕೆಯಿಂದ 0.7 ಬಾರ್‌ವರೆಗೆ ಗಾಳಿ ಕೊಟ್ಟು, ಹೋಸುಗಳ ಕೀಲುಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದೆವು. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲಿಗೆ ಹೋಗುವ ಹೋಸಿನ ಕೆಳತುದಿಯಲ್ಲಿ ಒತ್ತಡ ಅರ್ಧ ಬಾರ್ ದಾಟಿದೊಡನೆ ಗುಳ್ಳೆಗಳು ಎದ್ದವು. ಅಲ್ಲಿನ ಕ್ಲ್ಯಾಂಪು ಓರೆಯಾಗಿ ಕುಳಿತಿತ್ತು, ಕೀಲಿನ ಕೆಳಗೆ ಎಣ್ಣೆ ಬೆರೆತ ಧೂಳು ಅಂಟಿತ್ತು. ಹೋಸಿನ ಅಂಚು ಸೀಳಿರಲಿಲ್ಲ, ಕ್ಲ್ಯಾಂಪು ಬದಲಿಸಿ ನೇರವಾಗಿ ಕೂರಿಸಿದ್ದಷ್ಟೇ ದುರಸ್ತಿ. ಲಕ್ಷ ರೂಪಾಯಿಯ ಟರ್ಬೊ ತನ್ನ ಜಾಗದಲ್ಲಿಯೇ ಉಳಿಯಿತು.

ಕೊನೆಯ ಪರೀಕ್ಷೆಗೆ ನಂದಿ ಬೆಟ್ಟದ ರಸ್ತೆಯನ್ನು ಆರಿಸಿಕೊಂಡೆ. 1478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಹೊರೆ ಬೀಳುತ್ತದೆ, ಮಿಸ್‌ಫೈರ್ ಮರೆಯಲ್ಲಿದ್ದರೆ ಹೊರಬರಲೇಬೇಕು. ಪಕ್ಕದಲ್ಲಿ ಕುಳಿತ ಗೆಳೆಯ ಫೋನಿನಲ್ಲಿ ಅಂಕಿಗಳನ್ನು ದಾಖಲಿಸಿಕೊಳ್ಳುತ್ತಿದ್ದ. ಓಡಿಸುವವನೇ ಪರದೆ ನೋಡುವುದು ಸಲ್ಲದು. ಕೇಳಿದ ಒತ್ತಡಕ್ಕೂ ಸಿಕ್ಕ ಒತ್ತಡಕ್ಕೂ ಹೇಳಿಕೊಳ್ಳುವ ಅಂತರವಿರಲಿಲ್ಲ, ನಾಲ್ಕೂ ಸಿಲಿಂಡರುಗಳ ಎಣಿಕೆ ತುದಿಯವರೆಗೂ ಸೊನ್ನೆಯೇ.

ಇನ್ನೂ ಒಂದು ಚಿಂತೆ ಉಳಿದಿತ್ತು. ಘಾಟಿಯಲ್ಲಿ ಉರಿಯದ ಪೆಟ್ರೋಲು ಹಾದುಹೋದ ಕ್ಯಾಟಲಿಟಿಕ್ ಕನ್ವರ್ಟರಿಗೆ ಪೆಟ್ಟಾಗಿದ್ದರೆ ಮುಂದೆ ಕನ್ವರ್ಟರಿನ ಕ್ಷಮತೆ ಕುಗ್ಗಿದೆಯೆಂದು ಹೇಳುವ ಪಿ0420 ಕೋಡು ಬರುತ್ತದೆ, ಅದರ ಬೆಲೆಯೂ ಸಣ್ಣದಲ್ಲ. ಕೋಡುಗಳನ್ನು ಅಳಿಸಿದಾಗ ಓಬಿಡಿಯ ಸ್ವಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕಾಗುತ್ತದೆ. ಕನ್ವರ್ಟರಿನ ಪರೀಕ್ಷೆ ಮುಗಿಯಲು ಒಂದೇ ವೇಗದ ಹೆದ್ದಾರಿ ಓಟ ಬೇಕು. ತುಮಕೂರಿನವರೆಗೆ ಹೋಗಿಬಂದ ಮೇಲೆ ಆ ಪರೀಕ್ಷೆ ಪೂರ್ಣವಾಗಿ ಉತ್ತೀರ್ಣವೆಂದು ತೋರಿಸಿತು. ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜು ಸ್ಥಿರ ವೇಗದಲ್ಲಿ 0.7ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ನಿಂತಿತ್ತು, ಎಂದರೆ ಕನ್ವರ್ಟರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರಲಿಲ್ಲ. ಊರಿಗೆ ಹೋಗಿಬರುವ ದಾರಿಯೆಲ್ಲ ಘಾಟಿಯೇ ಆಗಿರುವುದರಿಂದ ಇನ್ನು ಮುಂದೆ ಪ್ಲಗ್ಗುಗಳನ್ನು 60 ಸಾವಿರದ ಬದಲು 40 ಸಾವಿರ ಕಿಲೋಮೀಟರಿಗೇ ಬದಲಿಸುವುದೆಂದೂ, ಪ್ರತಿ ಮಳೆಗಾಲದ ನಂತರ ಕಾಯಿಲುಗಳನ್ನು ತೆಗೆದು ಬೂಟುಗಳನ್ನು ನೋಡುವುದೆಂದೂ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.